ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲವೇ? ಕೂಡಲೇ ಕೋವಿ ತೆರೆಯಬೇಡಿ! ಕಾರಣ, ಪರಿಹಾರ, ಕಾನೂನು ಎಲ್ಲವೂ ಇಲ್ಲಿದೆ

ಥಾಣೆ: ಕೋವಿಯ ಟ್ರಿಗರ್ ಒತ್ತಿದಾಗ 'ಟಕ್' ಎಂಬ ಸದ್ದು ಮಾತ್ರ ಬಂದು ಗುಂಡು ಹಾರದಿದ್ದರೆ ಹೆಚ್ಚಿನವರು ಮೊದಲು ಮಾಡುವುದು ಬೋಲ್ಟ್ ತೆರೆದು ನೋಡುವ ಕೆಲಸ. ಅಪಾಯ ಇರುವುದೇ ಅಲ್ಲಿ. ಥಾಣೆ, ಡೊಂಬಿವ್ಲಿ, ಕಲ್ಯಾಣ್, ನವಿ ಮುಂಬೈಗಳಲ್ಲಿ ನೆಲೆಸಿರುವ ಕೊಡಗು, ಮಲೆನಾಡು ಮೂಲದ ಕೆಲವು ಕುಟುಂಬಗಳ ತರವಾಡು ಮನೆಗಳಲ್ಲಿ ಇಂದಿಗೂ ಕೋವಿಗಳಿವೆ. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಅಥವಾ ಆಯುಧಪೂಜೆಗೆ ಊರಿಗೆ ಹೋದಾಗ ಕೈಗೆತ್ತಿಕೊಳ್ಳುವ ಇಂಥ ಕೋವಿ ಕೈಕೊಡುವುದೇ ಹೆಚ್ಚು.

ಮೊದಲ 30 ಸೆಕೆಂಡು ಮುಖ್ಯ

ಗುಂಡು ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ತೆಗೆದು, ಕನಿಷ್ಠ 30 ಸೆಕೆಂಡು ಕಾಯಬೇಕು. ಕೆಲವೊಮ್ಮೆ ಪ್ರೈಮರ್ ಅಥವಾ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಇದಕ್ಕೆ 'ಹ್ಯಾಂಗ್ ಫೈರ್' ಎನ್ನುತ್ತಾರೆ. ಅಷ್ಟರಲ್ಲಿ ಬೋಲ್ಟ್ ತೆರೆದರೆ ತೋಟಾ ಹೊರಗೆ, ಮುಖದ ಎದುರೇ ಸಿಡಿಯಬಹುದು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಇನ್ನೂ ಹೆಚ್ಚು, ಒಂದೆರಡು ನಿಮಿಷವಾದರೂ ಕಾಯುವುದು ಒಳ್ಳೆಯದು.

ಇನ್ನೂ ಅಪಾಯಕಾರಿಯಾದದ್ದು ಸದ್ದು ಕ್ಷೀಣವಾಗಿ ಕೇಳಿಸುವ ಈಡು. ಆಗ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರುವ ಸಾಧ್ಯತೆ ಇರುತ್ತದೆ. ಮತ್ತೊಂದು ತೋಟಾ ಹಾಕಿ ಹಾರಿಸಿದರೆ ನಳಿಗೆಯೇ ಸೀಳಿಹೋಗಬಹುದು. ಕೋವಿ ಖಾಲಿ ಮಾಡಿ ನಳಿಗೆ ಪರೀಕ್ಷಿಸದೆ ಮುಂದುವರಿಯಲೇಬಾರದು.

ತಪ್ಪು ಕೋವಿಯದೋ, ತೋಟಾದ್ದೋ?

ಉತ್ತರ ತೋಟಾದ ಹಿಂಬದಿಯಲ್ಲೇ ಇದೆ. ಫೈರಿಂಗ್ ಪಿನ್ ಬಡಿದ ಗುರುತನ್ನು ಗಮನಿಸಿ.

* ಗುರುತು ಆಳವಾಗಿ, ನಡುವೆಯೇ ಬಿದ್ದಿದ್ದರೆ: ಕೋವಿ ತನ್ನ ಕೆಲಸ ಮಾಡಿದೆ. ತಪ್ಪು ಬಹುತೇಕ ತೋಟಾದ್ದು. ಪ್ರೈಮರ್‌ಗೆ ಎಣ್ಣೆ ಅಥವಾ ತೇವ ತಗುಲಿರಬಹುದು, ಮದ್ದು ಹಾಳಾಗಿರಬಹುದು.

* ಗುರುತು ತೆಳುವಾಗಿದ್ದರೆ: ಸ್ಪ್ರಿಂಗ್ ಸೋತಿರಬಹುದು, ಪಿನ್ ಸವೆದಿರಬಹುದು. ಬೋಲ್ಟ್‌ನೊಳಗೆ ಹಳೆಯ ಗ್ರೀಸ್ ಗಟ್ಟಿಯಾಗಿದ್ದರೂ ಪೆಟ್ಟಿನ ಬಲ ಕುಂದುತ್ತದೆ. ಪೂಜೆಯ ವೇಳೆ ಧಾರಾಳವಾಗಿ ಸವರಿದ ಎಣ್ಣೆ ದೂಳಿನೊಂದಿಗೆ ಸೇರಿ ಅಂಟಾಗುವುದೂ ಉಂಟು.

* ಎರಡನೇ ಪೆಟ್ಟಿಗೆ ಹಾರಿದರೆ: ಪ್ರೈಮರ್ ತನ್ನ ಕುಳಿಯಲ್ಲಿ ಪೂರ್ತಿ ಕೂತಿರಲಿಲ್ಲ ಎಂದು ಅನುಮಾನಿಸಬೇಕು. ಮೊದಲ ಪೆಟ್ಟು ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ. ಕೈಯಿಂದ ತುಂಬಿದ ತೋಟಾಗಳಲ್ಲಿ ಇದು ಸಾಮಾನ್ಯ ದೋಷ.

ಸುಲಭದ ಪರೀಕ್ಷೆಯೂ ಒಂದಿದೆ. ಶೂಟಿಂಗ್ ರೇಂಜಿನಲ್ಲಿ ಅದೇ ಕೋವಿಯಲ್ಲಿ ಕಾರ್ಖಾನೆಯ ಹೊಸ ತೋಟಾಗಳು ತೊಂದರೆಯಿಲ್ಲದೆ ಹಾರಿದರೆ ತಪ್ಪು ಕೈತುಂಬಿದ ತೋಟಾದ್ದು. ಅವೂ ಹಾರದಿದ್ದರೆ ಕೋವಿಯನ್ನು ಪರವಾನಗಿ ಇರುವ ರಿಪೇರಿಯವರಿಗೇ ತೋರಿಸಬೇಕು.

.315 ರೈಫಲ್ ಇರುವವರು ಗಮನಿಸಿ

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಆರ್ಡನೆನ್ಸ್ ಫ್ಯಾಕ್ಟರಿಯ .315 ರೈಫಲ್‌ನ ತೋಟಾ ಚೇಂಬರಿನಲ್ಲಿ ನಿಲ್ಲುವುದು ಹಿಂಬದಿಯ ಅಂಚಿನ ಆಧಾರದಲ್ಲಿ. ಆ ಅಂಚು ಮತ್ತು ಬೋಲ್ಟ್ ನಡುವಿನ ಜಾಗ ಸವೆತದಿಂದ ಹೆಚ್ಚಾದರೆ ಪೆಟ್ಟು ಬಿದ್ದಾಗ ತೋಟಾ ಮುಂದಕ್ಕೆ ಸರಿದು ಪ್ರೈಮರ್ ಹೊತ್ತಿಕೊಳ್ಳದೆ ಹೋಗಬಹುದು. ಇದನ್ನು ಗೇಜ್ ಹಿಡಿದು ಅಳೆಯಬೇಕೇ ಹೊರತು ಕಣ್ಣಂದಾಜಿನಲ್ಲಿ ಹೇಳಲಾಗದು.

ಮಳೆಗಾಲವೇ ದೊಡ್ಡ ಶತ್ರು. ಕೊಡಗಿನಂತೆಯೇ ಕೊಂಕಣ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕಾಗದದ ಹೊದಿಕೆಯ ಹಳೆಯ ತೋಟಾಗಳು ಉಬ್ಬಿ ಚೇಂಬರಿಗೆ ಸೇರುವುದೇ ಇಲ್ಲ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಚೀಲ, ಒಣ ಜಾಗ ಇಷ್ಟಿದ್ದರೆ ಅರ್ಧ ಸಮಸ್ಯೆ ತಪ್ಪುತ್ತದೆ. ಹಾರದ ತೋಟಾವನ್ನು ಬಿಚ್ಚುವುದು, ಬೆಂಕಿಗೆ ಎಸೆಯುವುದು ಬೇಡವೇ ಬೇಡ. ಬೇರೆಯಾಗಿಟ್ಟು ಪರವಾನಗಿ ಇರುವ ವ್ಯಾಪಾರಿ ಅಥವಾ ಪೊಲೀಸರನ್ನು ಸಂಪರ್ಕಿಸಿ.

ಮನೆಯಲ್ಲೇ ತೋಟಾ ತುಂಬಬಹುದೇ?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯ. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟಾ ತಯಾರಿಸುವ ಹಕ್ಕು ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ. ಕೊಡವರು ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿರುವ ವಿನಾಯಿತಿಯನ್ನು ತೋಟಾ ತಯಾರಿಕೆಗೂ ಅನುಮತಿ ಎಂದು ತಿಳಿಯಬಾರದು. ಆ ಕೋವಿಯನ್ನು ಮಹಾರಾಷ್ಟ್ರಕ್ಕೆ ತರುವ ಯೋಚನೆಯಿದ್ದರೆ ಮೊದಲೇ ಕೊಡಗು ಜಿಲ್ಲಾಡಳಿತದಲ್ಲೂ ಇಲ್ಲಿನ ಪೊಲೀಸ್ ಆಯುಕ್ತರ ಕಚೇರಿಯಲ್ಲೂ ವಿಚಾರಿಸಿ. ಕಲ್ಯಾಣ್, ಡೊಂಬಿವ್ಲಿ ಥಾಣೆ ಆಯುಕ್ತರ ವ್ಯಾಪ್ತಿಗೆ ಬರುತ್ತವೆ. ನವಿ ಮುಂಬೈಗೆ ಪ್ರತ್ಯೇಕ ಆಯುಕ್ತರಿದ್ದಾರೆ.

ಬೇಟೆಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಷೇಧವಿದೆ. ಬೆಳೆ ಹಾಳುಮಾಡುವ ಪ್ರಾಣಿಯೇ ಆದರೂ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಗುಂಡು ಹಾರಿಸುವಂತಿಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಪೂಜೆಗೆ ಮುನ್ನ ಕೋವಿ ಖಾಲಿ ಇದೆಯೇ ಎಂದು ಒಮ್ಮೆ ನೋಡಿ. ತೋಟಾದ ಡಬ್ಬಿಯನ್ನೂ ತೆರೆದು ಪರಿಶೀಲಿಸಿ. ತುಕ್ಕು, ಹಸಿರು ಕಿಲುಬು, ಉಬ್ಬು ಕಂಡ ತೋಟಾವನ್ನು 'ಒಂದು ಸಲ ನೋಡೋಣ' ಎಂದು ಕೋವಿಗೆ ಹಾಕಬೇಡಿ.