ತಾತಗುಣಿ ತೋಟದ ದಂಪತಿಗಳು

ತೋಟವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಾಫಿ, ಅಡಿಕೆ, ಮೆಣಸು, ಏಲಕ್ಕಿ. ಇವು ಯಾವುವೂ ಅಲ್ಲದ ಬೆಳೆಯೊಂದರಿಂದ ಹೆಸರಾದ ತೋಟ ಬೆಂಗಳೂರಿನ ಅಂಚಿನಲ್ಲಿದೆ. ಕನಕಪುರ ರಸ್ತೆಯ ಕಡೆಗಿರುವ, ಸುಮಾರು 470 ಎಕರೆ ವಿಸ್ತಾರದ ಆ ತೋಟವೇ ತಾತಗುಣಿ ಎಸ್ಟೇಟ್. ಅಲ್ಲಿಯ ಬೆಳೆ ಲಿನಾಲೋ ಎಂಬ ಸುಗಂಧದ ಮರ. ಅದರ ಒಡೆಯರಾಗಿದ್ದವರು ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಒಂದು ಕಾಲದಲ್ಲಿ ಹಿಂದಿ ಚಲನಚಿತ್ರದ ರಾಣಿಯೆನಿಸಿದ್ದ ದೇವಿಕಾರಾಣಿ.

ಇಬ್ಬರೂ ಈ ನಾಡಿನವರಲ್ಲ. ಇಬ್ಬರೂ ಈ ನಾಡಿನ ಮಣ್ಣಿನಲ್ಲೇ ಮಲಗಿದ್ದಾರೆ. 47 ವರ್ಷಕ್ಕೂ ಮಿಕ್ಕಿ ಜೊತೆಯಾಗಿ ಬಾಳಿದ ಈ ಬೆಳೆಗಾರ ದಂಪತಿಗಳನ್ನು ಈ ಸಂಚಿಕೆಯಲ್ಲಿ ನೆನೆಯಲು ನಮಗೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಎರಡು ದಾರಿ ಕೂಡಿದ್ದು

ಸ್ವೆತೋಸ್ಲಾವ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ತಂದೆ ನಿಕೊಲಾಯ್ ರೋರಿಕ್ ಜಗತ್ಪ್ರಸಿದ್ಧ ಚಿತ್ರಕಾರರು. ರಷ್ಯಾದಲ್ಲಿ ಕ್ರಾಂತಿಯಾದ ಕಾಲದಲ್ಲಿ ಈ ಕುಟುಂಬ ದೇಶದ ಹೊರಗೇ ಉಳಿಯಿತು. ಫಿನ್‌ಲೆಂಡ್, ಲಂಡನ್, ಅಮೆರಿಕಾ ಹೀಗೆ ಊರೂರು ದಾಟಿ 1923ರ ಕೊನೆಯಲ್ಲಿ ಭಾರತಕ್ಕೆ ಬಂದಿತು. ಮುಂದೆ ಹಿಮಾಲಯದ ಕುಲು ಕಣಿವೆಯ ನಗ್ಗರ್ ಎಂಬಲ್ಲಿ ನೆಲೆಯೂರಿ, 1928ರಲ್ಲಿ ‘ಉರುಸ್ವತಿ’ ಎಂಬ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಅಮೆರಿಕಾದಲ್ಲಿ ವಾಸ್ತುಶಿಲ್ಪ ಕಲಿತಿದ್ದ ಸ್ವೆತೋಸ್ಲಾವ್ ಅಲ್ಲಿ ಕೈಹಾಕಿದ ಕೆಲಸಗಳಲ್ಲಿ ಚಿತ್ರ ಬರೆಯುವುದು ಒಂದು, ಬೆಟ್ಟದ ಗಿಡಮೂಲಿಕೆಗಳ ಅಧ್ಯಯನ ಇನ್ನೊಂದು. ಸಸ್ಯಗಳ ನಂಟು ಅವರಿಗೆ ತಾತಗುಣಿಯಲ್ಲಿ ಹೊಸದಾಗಿ ಬಂದದ್ದಲ್ಲ.

ದೇವಿಕಾರಾಣಿ ಹುಟ್ಟಿದ್ದು 1908ರಲ್ಲಿ, ವಾಲ್ಟೇರಿನಲ್ಲಿ. ತಂದೆ ಮದರಾಸು ಪ್ರಾಂತದಲ್ಲಿ ಉನ್ನತ ಸ್ಥಾನದಲ್ಲಿದ್ದ ಬಂಗಾಳಿ ವೈದ್ಯರು. ರವೀಂದ್ರನಾಥ ಠಾಕೂರರ ಮನೆತನಕ್ಕೆ ಹತ್ತಿರದ ಬಂಧುಗಳು. ಲಂಡನ್ನಿನಲ್ಲಿ ಓದಿದ ದೇವಿಕಾರಾಣಿ 1929ರಲ್ಲಿ ಚಿತ್ರ ನಿರ್ಮಾಪಕ ಹಿಮಾಂಶು ರಾಯ್ ಅವರನ್ನು ವರಿಸಿದರು. ಅವರಿಬ್ಬರೂ ಸೇರಿ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. 1936ರ ‘ಅಛೂತ್ ಕನ್ಯಾ’ ಆಕೆಯನ್ನು ಮನೆಮಾತಾಗಿಸಿತು. 1940ರಲ್ಲಿ ರಾಯ್ ತೀರಿಕೊಂಡ ಮೇಲೆ, ಗಂಡಸರೇ ತುಂಬಿದ್ದ ಆ ಉದ್ಯಮದಲ್ಲಿ ಸ್ಟುಡಿಯೋದ ಹೊಣೆ ಹೊತ್ತು ನಡೆಸಿದವರೂ ಅವರೇ. ದಿಲೀಪ್ ಕುಮಾರರನ್ನು ತೆರೆಗೆ ತಂದ ಕೀರ್ತಿಯೂ ಅವರದೇ.

1945ರಲ್ಲಿ ಇವರಿಬ್ಬರ ವಿವಾಹವಾಯಿತು. ವರನಿಗೆ 40 ವರ್ಷ, ವಧುವಿಗೆ 37. ವಿಧವೆಯ ಮರುಮದುವೆಯನ್ನು ನಮ್ಮ ಊರುಗಳಲ್ಲಿ ಬಾಯಿಬಿಟ್ಟು ಆಡಲೂ ಹಿಂಜರಿಯುತ್ತಿದ್ದ ಕಾಲ ಅದು. ಕೀರ್ತಿಯ ತುದಿಯಲ್ಲಿದ್ದ ದೇವಿಕಾರಾಣಿ ಬಣ್ಣ ಕಳಚಿಟ್ಟು ಪತಿಯೊಡನೆ ಕುಲು ಕಣಿವೆಗೆ ಹೊರಟುಹೋದರು. ಮತ್ತೆ ತೆರೆಗೆ ಹಿಂತಿರುಗಲಿಲ್ಲ. 1947ರ ಡಿಸೆಂಬರಿನಲ್ಲಿ ಮಾವನವರು ನಗ್ಗರಿನಲ್ಲಿ ನಿಧನರಾದ ಮೇಲೆ ಕೆಲಕಾಲದಲ್ಲೇ ದಂಪತಿಗಳು ದಕ್ಷಿಣಕ್ಕೆ ಇಳಿದು ಬಂದು ಬೆಂಗಳೂರಿನ ಬಳಿ ನೆಲೆ ನಿಂತರು.

ಲಿನಾಲೋ ಬೆಳೆ

ಲಿನಾಲೋ ಮೆಕ್ಸಿಕೋ ದೇಶದ ಮರ. ತಾನೂ ಪರದೇಶದಿಂದ ಬಂದು ಇಲ್ಲಿ ಬೇರೂರಿದ ಸಸ್ಯ. ಹೆಚ್ಚು ಮಳೆ ಬೇಡದ, ಒಣ ಸೀಮೆಯಲ್ಲಿ ಬರುವ ಈ ಮರವನ್ನು ಕೊಂಬೆ ನೆಟ್ಟು ಬೆಳೆಸಬಹುದು. ಮೆಕ್ಸಿಕೋದಲ್ಲಿ ಮರವನ್ನೇ ಕಡಿದು, ಕಟ್ಟಿಗೆಯಿಂದ ಎಣ್ಣೆ ತೆಗೆಯುವ ರೂಢಿಯಿತ್ತು. ನಮ್ಮಲ್ಲಿ ಹಾಗಲ್ಲ, ಕಾಯಿ ಬಿಡಿಸಿ, ಅದರ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ಪಡೆಯುತ್ತಾರೆ. ಮರ ಉಳಿಯುತ್ತದೆ, ಮರುವರ್ಷವೂ ಕಾಯಿ ಕೊಡುತ್ತದೆ. ಲ್ಯಾವೆಂಡರ್ ಹೂವಿನ ಪರಿಮಳಕ್ಕೆ ಹತ್ತಿರವಾದ ಈ ಎಣ್ಣೆ ಸುಗಂಧದ್ರವ್ಯ ಮತ್ತು ಸಾಬೂನಿನ ತಯಾರಿಕೆಗೆ ಬೇಕಾದದ್ದು.

ದಂಪತಿಗಳು ಈ ಬೆಳೆಯನ್ನು ಹವ್ಯಾಸವಾಗಿ ಬೆಳೆದವರಲ್ಲ. ತಾವು ಕೊಂಡ ಭೂಮಿಯ ಜೊತೆಗೆ, ಲಿನಾಲೋ ಬೆಳೆಯಲೆಂದೇ 1954ರಲ್ಲಿ ಸರ್ಕಾರದಿಂದ 100 ಎಕರೆ ಮಂಜೂರು ಮಾಡಿಸಿಕೊಂಡಿದ್ದರು. ಭೂಸುಧಾರಣೆಯ ಕಾಲದಲ್ಲಿ ಕಾಫಿ, ಏಲಕ್ಕಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ದೊರೆತದ್ದನ್ನು ನಾವೆಲ್ಲ ಬಲ್ಲೆವು. ಲಿನಾಲೋ ಭೂಮಿಗೂ ಆ ಕಾಯಿದೆಯಲ್ಲಿ ಪ್ರತ್ಯೇಕ ವಿನಾಯಿತಿಯಿತ್ತು. ಈ ವಿನಾಯಿತಿಯ ಮೇರೆಗೆ ಭೂನ್ಯಾಯಮಂಡಳಿ 1982ರಲ್ಲಿ ಅವರ ಮೇಲಿನ ಪ್ರಕರಣವನ್ನು ಕೈಬಿಟ್ಟಿತು. ಘೋಷಣಾಪತ್ರ, ಪಹಣಿ, ಕಚೇರಿಯ ಓಡಾಟ ಇವು ಯಾವುವೂ ಪರದೇಶದಿಂದ ಬಂದ ಚಿತ್ರಕಾರನನ್ನೂ ಬಿಡಲಿಲ್ಲ ಎಂದಾಯಿತು.

ಕುಂಚ ಮತ್ತು ಮನೆ

ತೋಟದ ನಡುವೆಯೇ ಚಿತ್ರ ಬರೆಯುವ ಕೆಲಸ ಸಾಗಿತ್ತು. ಹಿಮಾಲಯದ ಶಿಖರಗಳನ್ನು ಬರೆದ ಕೈ ಇಲ್ಲಿ ದಕ್ಷಿಣದ ಕೆಂಪು ಮಣ್ಣನ್ನೂ ದುಡಿಯುವ ಹಳ್ಳಿಯ ಜನರನ್ನೂ ಬರೆಯಿತು. ಪತ್ನಿಯ ಭಾವಚಿತ್ರಗಳನ್ನು ಮತ್ತೆ ಮತ್ತೆ ಬರೆದರು. ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನ ಗೋಡೆಯನ್ನೇರಿದ ಪಂಡಿತ್ ನೆಹರೂ ಭಾವಚಿತ್ರ ಇವರ ರಚನೆಯೇ. 1960ರಲ್ಲಿ ಮಾಸ್ಕೋ ಮತ್ತು ಲೆನಿನ್‌ಗ್ರಾಡಿನಲ್ಲಿ ಇವರ ಚಿತ್ರಗಳ ಪ್ರದರ್ಶನ ನಡೆಯಿತು. ಬಾಲ್ಯದಲ್ಲಿ ಬಿಟ್ಟು ಬಂದ ಹುಟ್ಟೂರಿಗೆ ಮಗ ಮರಳಿದ್ದು ಹೀಗೆ, ಚಿತ್ರಗಳ ಜೊತೆಗೆ. ಆದರೆ ಉಳಿಯಲಿಲ್ಲ, ಬೆಂಗಳೂರಿಗೇ ಹಿಂತಿರುಗಿದರು.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಅವರು ತಮ್ಮ ಮತ್ತು ತಮ್ಮ ತಂದೆಯ ಚಿತ್ರಗಳನ್ನು ಕೊಡುಗೆಯಾಗಿ ಕೊಟ್ಟರು. ಕುಮಾರಕೃಪಾ ರಸ್ತೆಗೆ ಹೋಗುವ ನಮ್ಮ ಸದಸ್ಯರು ಒಮ್ಮೆ ಅದನ್ನು ನೋಡಿ ಬರಬೇಕು. ನೀಲಿ ಬೆಟ್ಟಗಳ ಮುಂದೆ ನಿಂತಾಗ ನಮಗೆ ನಮ್ಮ ಘಟ್ಟವೇ ನೆನಪಾಯಿತು.

ಗೌರವಗಳಿಗೆ ಕೊರತೆಯಿರಲಿಲ್ಲ. ದೇವಿಕಾರಾಣಿಯವರಿಗೆ 1958ರಲ್ಲಿ ಪದ್ಮಶ್ರೀ, ಪತಿಗೆ 1961ರಲ್ಲಿ ಪದ್ಮಭೂಷಣ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಸ್ಥಾಪಿಸಿದಾಗ ಮೊಟ್ಟಮೊದಲನೆಯದಾಗಿ, 1969ರ ಸಾಲಿನದು, ಸಂದದ್ದು ದೇವಿಕಾರಾಣಿಯವರಿಗೇ.

ಮಕ್ಕಳಿರಲಿಲ್ಲ. ಇಬ್ಬರಿಗೂ ಇಬ್ಬರೇ. ವಯಸ್ಸು ಎಂಬತ್ತು ದಾಟಿದ ಮೇಲೆ ಅಷ್ಟು ದೊಡ್ಡ ತೋಟವನ್ನು ಸುತ್ತಿ ನೋಡುವ ಶಕ್ತಿ ಎಲ್ಲಿಂದ ಬರಬೇಕು? ಸ್ವೆತೋಸ್ಲಾವ್ 1993ರ ಜನವರಿ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ದೇವಿಕಾರಾಣಿ ಅವರಿಲ್ಲದೆ ಬದುಕಿದ್ದು ಒಂದು ವರ್ಷ, ಒಂದು ತಿಂಗಳು, ಕೆಲವು ದಿನ. 1994ರ ಮಾರ್ಚ್ 9ರಂದು ಅವರೂ ಹೋದರು. ಇಬ್ಬರ ಸಮಾಧಿಗಳೂ ತಾತಗುಣಿಯ ತೋಟದಲ್ಲೇ ಇವೆ.

ಹಿಂದೆ ಉಳಿದದ್ದು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತೋಟ, ಚಿತ್ರಗಳು, ಬೆಲೆಬಾಳುವ ವಸ್ತುಗಳು ಎಲ್ಲವೂ ವಿವಾದಕ್ಕೆ ಸಿಲುಕಿದವು. ಭೂಮಿಯ ಬಹುಭಾಗವನ್ನು ದಂಪತಿಗಳು ಬದುಕಿದ್ದಾಗಲೇ ತಾನು ಕ್ರಯಕ್ಕೆ ಪಡೆದಿರುವೆನೆಂದು ಖಾಸಗಿ ಕಂಪನಿಯೊಂದು ಹೇಳಿತು. ದೇವಿಕಾರಾಣಿ ತೀರಿಕೊಂಡ ಅದೇ ಮಾರ್ಚ್ ತಿಂಗಳಲ್ಲಿ ಸರ್ಕಾರ ಲಿನಾಲೋ ಭೂಮಿಗಿದ್ದ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. 1996ರಲ್ಲಿ ಈ ಒಂದು ತೋಟಕ್ಕಾಗಿಯೇ ಪ್ರತ್ಯೇಕ ಕಾಯಿದೆ ಮಾಡಿ, ಎಲ್ಲವನ್ನೂ ಸ್ವಾಧೀನಪಡಿಸಿಕೊಂಡು ಮಂಡಳಿಗೆ ಒಪ್ಪಿಸಲು ಮುಂದಾಯಿತು. ವ್ಯಾಜ್ಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠದವರೆಗೂ ಹೋಯಿತು. 2011ರ ಆಗಸ್ಟ್ 9ರಂದು ಆ ಪೀಠ ಕಾಯಿದೆಯನ್ನು ಎತ್ತಿಹಿಡಿಯಿತು. ದೇವಿಕಾರಾಣಿ ತೀರಿಕೊಂಡು ಆಗ 17 ವರ್ಷ.

ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ನಾವು ಕುಳಿತಿಲ್ಲ. ಅದನ್ನು ನ್ಯಾಯಾಲಯ ಮಾಡಿದೆ. ಆದರೆ ಹದಿನೇಳು ವರ್ಷ ಒಂದು ತೋಟ ಕೋರ್ಟಿನ ಕಡತದಲ್ಲಿ ಉಳಿದರೆ ಏನಾಗುತ್ತದೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಕಳೆ ತೆಗೆಯದಿದ್ದರೆ, ನೆರಳು ಸವರದಿದ್ದರೆ ನಮ್ಮ ತೋಟಗಳ ಗತಿ ಏನೆಂದು ನಾವೆಲ್ಲ ನೋಡಿದ್ದೇವೆ.

ನಮಗೆ ಸೇರಿದ ಮಾತು

ಈ ದಂಪತಿಗಳನ್ನು ನೆನೆಯಲು ಕಾರಣವಿದೆಯೆಂದು ಮೊದಲೇ ಹೇಳಿದ್ದೆವು. ಸಂಘದ ಕಚೇರಿಯ ಮೇಜಿನ ಮುಂದೆ ಈಚಿನ ವರ್ಷಗಳಲ್ಲಿ ಬಂದು ಕೂರುವ ಸದಸ್ಯರಲ್ಲಿ ಅರುವತ್ತು, ಎಪ್ಪತ್ತು ದಾಟಿದ ಗಂಡ-ಹೆಂಡಿರೇ ಹೆಚ್ಚು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕಾದಲ್ಲೋ ಇದ್ದಾರೆ. ಅಡಿಕೆ ಸುಲಿಸುವುದು, ಕಾಫಿ ಕಣಕ್ಕೆ ಹಾಕುವುದು, ರಸಗೊಬ್ಬರ ತರುವುದು ಎಲ್ಲವನ್ನೂ ಇಬ್ಬರೇ ತೂಗಿಸುತ್ತಾರೆ. ಷೇರು ಪುಸ್ತಕ ತೆರೆದರೆ ನಾಮನಿರ್ದೇಶನದ ಜಾಗ ಖಾಲಿ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಉಯಿಲಿನ ಮಾತೆತ್ತಿದರೆ, ‘ಈಗಲೇ ಯಾಕೆ ಸ್ವಾಮಿ, ಅಪಶಕುನ’ ಎನ್ನುತ್ತಾರೆ.

ಉಯಿಲು ಬರೆಯಲು ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಬರೆದವರು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನಾಮನಿರ್ದೇಶನ ಮಾಡಿದ್ದರೂ ಉಯಿಲು ಬೇಕು. ನಾಮಿನಿ ಸಾಮಾನ್ಯವಾಗಿ ಹಣವನ್ನು ಪಡೆದುಕೊಳ್ಳುವವನೇ ಹೊರತು ವಾರಸುದಾರನ ಹಕ್ಕನ್ನು ನುಂಗುವವನಲ್ಲ. ವಿಭಾಗವಾಗದ ಹಿರಿಯರ ಆಸ್ತಿಯಾದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ರೋರಿಕ್ ದಂಪತಿಗಳ ಬಳಿ ಹೆಸರಿತ್ತು, ದೊಡ್ಡವರ ಸ್ನೇಹವಿತ್ತು. ಕಡೆಗೆ ಸರ್ಕಾರವೇ ಕಾಯಿದೆ ಮಾಡಿ ತೋಟಕ್ಕೆ ದಿಕ್ಕಾಯಿತು. ನಮ್ಮ ಮೂರು ಎಕರೆಗೆ ಯಾವ ಸರ್ಕಾರವೂ ಕಾಯಿದೆ ಮಾಡುವುದಿಲ್ಲ, ಸುಪ್ರೀಂ ಕೋರ್ಟಿನವರೆಗೆ ನಡೆಯುವ ಶಕ್ತಿಯೂ ನಮಗಿಲ್ಲ. ಒಬ್ಬರು ಹೋದ ಮೇಲೆ ಉಳಿದ ಇನ್ನೊಬ್ಬರು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಹಾಗೆ ಉಳಿಯುವವರು ಹೆಂಗಸರು. ಖಾತೆ, ಸಾಲ, ಠೇವಣಿಗಳ ವಿವರವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಒಂದು ಸಂಜೆ ಗಂಡ-ಹೆಂಡತಿ ಇಬ್ಬರೂ ಕುಳಿತು ಕಾಗದದ ಪೆಟ್ಟಿಗೆ ತೆರೆಯಿರಿ. ಏನಿದೆ, ಏನಿಲ್ಲ, ಯಾರಿಗೆ ಏನು ಎಂಬುದನ್ನು ಮಾತಾಡಿಕೊಳ್ಳಿ. ನಾಮನಿರ್ದೇಶನದ ನಮೂನೆ ಸಂಘದ ಕಚೇರಿಯಲ್ಲಿ ದೊರೆಯುತ್ತದೆ. ಬರುವಾಗ ಜೊತೆಯಾಗಿಯೇ ಬನ್ನಿ.