ವೈಮಾರ್ ರಾಜ್ಯಾಂಗದ ಒಳಬಿರುಕುಗಳು

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು 1918ರ ನವೆಂಬರಿನಲ್ಲಿ ಅರಸೊತ್ತಿಗೆಯನ್ನು ತೊರೆದು ಗಣರಾಜ್ಯವಾಯಿತು. ಬರ್ಲಿನ್ನಿನ ಗಲಭೆಗಳಿಂದ ದೂರವಿದ್ದ, ಗಯಟೆ ಮತ್ತು ಷಿಲ್ಲರ್ ಕವಿಗಳು ಬಾಳಿದ ವೈಮಾರ್ ನಗರದಲ್ಲಿ ರಾಷ್ಟ್ರಸಭೆಯು ಸೇರಿತು. ನ್ಯಾಯಶಾಸ್ತ್ರ ಪಂಡಿತನಾದ ಹ್ಯೂಗೋ ಪ್ರಾಯ್ಸನ ಕರಡಿನಿಂದ ರೂಪುಗೊಂಡ ರಾಜ್ಯಾಂಗಕ್ಕೆ 1919ರ ಆಗಸ್ಟ್ 11ರಂದು ಅಧ್ಯಕ್ಷ ಎಬರ್ಟನ ಅಂಕಿತ ಬಿದ್ದಿತು. ಇಪ್ಪತ್ತು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತಾಧಿಕಾರ, ವಾಕ್‌ಸ್ವಾತಂತ್ರ್ಯ, ಆರಾಧನಾ ಸ್ವಾತಂತ್ರ್ಯಗಳನ್ನು ನೀಡಿದ ಇಂತಹ ಉದಾರ ಶಾಸನವು ಹದಿನಾಲ್ಕು ವರ್ಷ ತುಂಬುವ ಮೊದಲೇ ನಿರ್ಜೀವವಾದುದೇಕೆ?

ಪ್ರಮಾಣಾನುಗುಣ ಪ್ರಾತಿನಿಧ್ಯವೇ ಇದಕ್ಕೆ ಕಾರಣವೆಂದು ಹಲವರು ಹೇಳುವುದುಂಟು. 60,000 ಮತಗಳಿಗೆ ಒಂದರಂತೆ ಸ್ಥಾನ ದೊರೆಯುತ್ತಿದ್ದುದರಿಂದ ಸಣ್ಣ ಪಕ್ಷಗಳೂ ರೈಷ್‌ಸ್ಟಾಗ್ ಸಭೆಯನ್ನು ಪ್ರವೇಶಿಸಿದವು. ಸರ್ಕಾರಗಳು ಪದೇ ಪದೇ ಉರುಳಿದವು. ಇದು ನಿಜವಾದರೂ ಪೂರ್ಣ ಉತ್ತರವಲ್ಲ. 1932ರ ಜುಲೈ ಚುನಾವಣೆಯಲ್ಲಿ ನಾಟ್ಸಿ ಪಕ್ಷವು ಶೇಕಡಾ 37ರಷ್ಟು ಮತ ಪಡೆಯಿತು. ಸಣ್ಣ ಪಕ್ಷಗಳನ್ನು ಹೊರಗಿಡುವ ಯಾವ ನಿಯಮವೂ ಅದನ್ನು ತಡೆಯಲಾರದು.

ಹೆಚ್ಚಿನ ಅಪಾಯವು ಮೂರು ವಿಧಿಗಳ ಕೂಟದಲ್ಲಿತ್ತು. 54ನೆಯ ವಿಧಿಯಂತೆ ಸಭೆಯು ಪ್ರಧಾನಿಯನ್ನು ಕೆಳಗಿಳಿಸಬಹುದಾಗಿತ್ತು. ಮುಂದಿನವನು ಯಾರೆಂಬುದನ್ನು ಹೇಳಬೇಕಾಗಿರಲಿಲ್ಲ. 48ನೆಯ ವಿಧಿಯಂತೆ ಅಧ್ಯಕ್ಷನು ತುರ್ತುಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡಬಹುದಾಗಿತ್ತು. ಆ ಆಜ್ಞೆಯನ್ನು ರದ್ದುಪಡಿಸುವ ಅಧಿಕಾರ ಸಭೆಗೆ ಇದ್ದಿತು. ಆದರೆ 25ನೆಯ ವಿಧಿಯಂತೆ ಸಭೆಯನ್ನೇ ವಿಸರ್ಜಿಸುವ ಅಧಿಕಾರ ಅಧ್ಯಕ್ಷನಿಗಿದ್ದಿತು. 1930ರ ಜುಲೈಯಲ್ಲಿ ಇದೇ ನಡೆಯಿತು. ಪ್ರಧಾನಿ ಬ್ರ್ಯೂನಿಂಗನ ಆರ್ಥಿಕ ಆಜ್ಞೆಯನ್ನು ಸಭೆ ತಿರಸ್ಕರಿಸಿದೊಡನೆಯೇ ಅಧ್ಯಕ್ಷ ಹಿಂಡೆನ್‌ಬರ್ಗನು ಅದನ್ನು ವಿಸರ್ಜಿಸಿದನು. ಮರುಚುನಾವಣೆಯಲ್ಲಿ ನಾಟ್ಸಿಗಳ ಸ್ಥಾನಗಳು 12ರಿಂದ 107ಕ್ಕೇರಿದವು.

ರಾಷ್ಟ್ರವನ್ನು ನಡೆಸಲು ಅಧ್ಯಕ್ಷನ ಆಜ್ಞೆಗಳೇ ಸಾಕೆಂದಾದ ಮೇಲೆ, ಪಕ್ಷಗಳಿಗೆ ಪರಸ್ಪರ ಹೊಂದಿಕೊಂಡು ಹೊಣೆ ಹೊರುವ ಅಗತ್ಯವೇ ಉಳಿಯಲಿಲ್ಲ. 1930ರಲ್ಲಿ 98 ಕಾಯಿದೆಗಳನ್ನು ಮಾಡಿದ ಸಭೆಯು 1932ರಲ್ಲಿ ಮಾಡಿದುದು ಐದನ್ನು ಮಾತ್ರ. ಆಪತ್ಕಾಲದ ಔಷಧವು ನಿತ್ಯದ ಆಹಾರವಾಗಿದ್ದಿತು. 1933ರ ಜನವರಿ 30ರಂದು ಹಿಟ್ಲರನು ಪ್ರಧಾನಿಯಾದಾಗ ಹೊಸ ಆಯುಧವನ್ನು ಹುಡುಕಬೇಕಾಗಿರಲಿಲ್ಲ. ಫೆಬ್ರುವರಿ 28ರಂದು 48ನೆಯ ವಿಧಿಯ ಮೂಲಕವೇ ಹಕ್ಕುಗಳು ಅಮಾನತಾದವು. ಮಾರ್ಚ್ 23ರಂದು ಕಮ್ಯೂನಿಸ್ಟ್ ಸದಸ್ಯರನ್ನು ಹೊರಗಿಟ್ಟು, 94ರ ವಿರುದ್ಧ 444 ಮತಗಳಿಂದ, ಸಭೆಯು ತನ್ನ ಶಾಸನಾಧಿಕಾರವನ್ನು ಸರ್ಕಾರಕ್ಕೆ ಒಪ್ಪಿಸಿತು. ವೈಮಾರ್ ರಾಜ್ಯಾಂಗವನ್ನು ವಿಧಿವತ್ತಾಗಿ ರದ್ದುಪಡಿಸುವ ಅವಶ್ಯಕತೆಯೂ ಬೀಳಲಿಲ್ಲ.

ಈ ಪಾಠವನ್ನು ಪಶ್ಚಿಮ ಜರ್ಮನಿಯ 1949ರ ಮೂಲಶಾಸನವು ಮರೆಯಲಿಲ್ಲ. ಅದರಂತೆ ಸಭೆಯು ಹೊಸ ಪ್ರಧಾನಿಯನ್ನು ಆರಿಸಿದ ಹೊರತು ಹಳಬನನ್ನು ಇಳಿಸಲಾಗದು. ಮಾನವಘನತೆಯ ತತ್ತ್ವವನ್ನು ಯಾವ ಬಹುಮತವೂ ತಿದ್ದಲಾಗದು. ನಮ್ಮ ದೇಶದಲ್ಲಿಯೂ 1975ರ ತುರ್ತುಪರಿಸ್ಥಿತಿಯ ಅನುಭವದ ನಂತರ, 1978ರ 44ನೆಯ ತಿದ್ದುಪಡಿಯು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆಯನ್ನು ತುರ್ತುಕಾಲದಲ್ಲಿಯೂ ಅಮಾನತಿನಲ್ಲಿಡದಂತೆ ಮಾಡಿತು. ಆಪತ್ತಿಗೆಂದು ತೆರೆದಿಟ್ಟ ಬಾಗಿಲನ್ನು ಆಪತ್ತು ಕಳೆದೊಡನೆ ಮುಚ್ಚುವವರು ಯಾರೆಂಬುದನ್ನು ರಾಜ್ಯಾಂಗವು ಮೊದಲೇ ನಿಶ್ಚಯಿಸಿರಬೇಕು. ವೈಮಾರ್ ಅದನ್ನು ಒಬ್ಬ ಅಧ್ಯಕ್ಷನ ಮನಸ್ಸಿಗೆ ಬಿಟ್ಟುಕೊಟ್ಟಿದ್ದಿತು.