ಬೇಸಿಗೆ ರಜೆ: ಚಿಕ್ಕ ಮಕ್ಕಳೊಂದಿಗೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ಬರುವ ಕುಟುಂಬಗಳಿಗೆ ಮಾಹಿತಿ

ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ವಾರದವರೆಗೆ ಬೇಸಿಗೆ ರಜೆ ಇರುತ್ತದೆ. ಈ ಅವಧಿಯಲ್ಲಿ ಬೆಂಗಳೂರು ಮುಂತಾದ ನಗರಗಳಲ್ಲಿ ನೆಲೆಸಿರುವ ಅನೇಕ ಕುಟುಂಬಗಳು ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿರುವ ಅಜ್ಜಿಯ ಮನೆಗಳಿಗೆ ಬರುವುದು ವಾಡಿಕೆ. ರಜೆ ದೊರೆಯುವುದು ಶಾಲೆಗೆ ಹೋಗುವ ಮಗುವಿಗೆ ಮಾತ್ರ. ಜೊತೆಯಲ್ಲಿ ಹೊರಡುವ ಪುಟ್ಟ ತಮ್ಮ ಅಥವಾ ತಂಗಿಯ ಊಟ, ನಿದ್ರೆ, ಲಸಿಕೆಗಳಿಗೆ ರಜೆಯಿಲ್ಲ. ಆದುದರಿಂದ ಪ್ರವಾಸದ ವೇಳಾಪಟ್ಟಿಯನ್ನು ಮನೆಯ ಅತಿ ಚಿಕ್ಕ ಮಗುವಿನ ದಿನಚರಿಗೆ ಅನುಗುಣವಾಗಿ ರೂಪಿಸಿಕೊಳ್ಳುವುದು ಸೂಕ್ತ.

ಪ್ರಯಾಣ

ಕಡೂರು ಮತ್ತು ಬೀರೂರು ರೈಲು ಜಂಕ್ಷನ್‌ಗಳು ಪರಸ್ಪರ ಸುಮಾರು 6 ಕಿ.ಮೀ. ಅಂತರದಲ್ಲಿವೆ. ಬೀರೂರಿನಿಂದ ಶಿವಮೊಗ್ಗದ ಕಡೆಗೆ ಹೋಗುವ ಮಾರ್ಗದಲ್ಲಿ ತರೀಕೆರೆ, ಚಿಕ್ಕಜಾಜೂರಿನ ಕಡೆಗೆ ಹೋಗುವ ಮಾರ್ಗದಲ್ಲಿ ಅಜ್ಜಂಪುರ ನಿಲ್ದಾಣಗಳಿವೆ. ಕಡೂರು-ಚಿಕ್ಕಮಗಳೂರು ಮಾರ್ಗವು 2013ರಲ್ಲಿ ಆರಂಭವಾಯಿತು. ರೈಲಿನಲ್ಲಿ 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಆಸನ ಅಥವಾ ಬರ್ತ್ ಕೋರದಿದ್ದಲ್ಲಿ ಟಿಕೆಟ್ ಅಗತ್ಯವಿಲ್ಲ. 5ರಿಂದ 12 ವರ್ಷದೊಳಗಿನವರಿಗೆ ಕಾಯ್ದಿರಿಸಿದ ಬೋಗಿಯಲ್ಲಿ ಬರ್ತ್ ಬೇಕಾದಲ್ಲಿ, 2016ರ ಏಪ್ರಿಲ್ 21ರಿಂದ ಜಾರಿಗೆ ಬಂದ ನಿಯಮದಂತೆ, ಪೂರ್ಣ ದರ ತೆರಬೇಕಾಗುತ್ತದೆ. ಬರ್ತ್ ಬೇಡವೆಂದಲ್ಲಿ ಅರ್ಧ ದರ. ಅರ್ಧ ಟಿಕೆಟ್ ಪಡೆದು ರಾತ್ರಿಯಿಡೀ ಎಂಟು ವರ್ಷದ ಮಗುವನ್ನು ಮಡಿಲಿನಲ್ಲಿ ಮಲಗಿಸಿಕೊಳ್ಳುವುದು ಉಳಿತಾಯವೆನಿಸದು. ರಾಜ್ಯ ರಸ್ತೆ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಮತ್ತು ಬಾಲಕಿಯರು ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದಾಗಿದ್ದು, ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.

ಬಿಸಿಲು ಮತ್ತು ನೋಡತಕ್ಕ ಸ್ಥಳಗಳು

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ತಂಪು ಹವೆಯನ್ನೇ ನಿರೀಕ್ಷಿಸಿ ಬರುವವರು ಗಮನಿಸಬೇಕಾದ ಸಂಗತಿಯೊಂದಿದೆ. ಕಡೂರು ಹಾಗೂ ಅಜ್ಜಂಪುರದ ಬಹುಭಾಗ ಬಯಲುಸೀಮೆಯಾಗಿದ್ದು, ಏಪ್ರಿಲ್‌ನಲ್ಲಿ ಬಿಸಿಲು ತೀಕ್ಷ್ಣವಾಗಿರುತ್ತದೆ. ತರೀಕೆರೆಯ ಪಶ್ಚಿಮ ಭಾಗ ಮಾತ್ರ ಮಲೆನಾಡಿನ ಅಂಚು. ಸುಮಾರು 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಮಧ್ಯಾಹ್ನ ಹಿತಕರವಾಗಿದ್ದರೂ ಸಂಜೆ ಚಳಿ ಬೀಳುವುದರಿಂದ ಮಕ್ಕಳಿಗೆ ಸ್ವೆಟರ್ ಒಯ್ಯುವುದು ಒಳಿತು. ಬಯಲಿನಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 4ರವರೆಗೆ ಮಕ್ಕಳನ್ನು ಮನೆಯೊಳಗೆ ಅಥವಾ ನೆರಳಿನಲ್ಲಿ ಇರಿಸಿ, ದಿನಕ್ಕೆ ಒಂದೇ ಸ್ಥಳವನ್ನು ನೋಡುವಂತೆ ಯೋಜಿಸಿದರೆ ಊಟ ಮತ್ತು ನಿದ್ರೆಯ ವೇಳೆ ತಪ್ಪುವುದಿಲ್ಲ.

ಬೆಳಗಿನ ಹೊತ್ತಿಗೆ ತರೀಕೆರೆಯಿಂದ ಸುಮಾರು 10 ಕಿ.ಮೀ. ದೂರದ ಅಮೃತಾಪುರವು ಅತ್ಯಂತ ಸೂಕ್ತ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ಕ್ರಿ.ಶ. 1196ರಲ್ಲಿ ಕಟ್ಟಿಸಿದ ಈ ದೇವಾಲಯದ ತೆರೆದ ಮಂಟಪದ ಹೊರಗೋಡೆಯ ಒಂದು ಬದಿಯಲ್ಲಿ ರಾಮಾಯಣ, ಮತ್ತೊಂದು ಬದಿಯಲ್ಲಿ ಕೃಷ್ಣನ ಕಥೆ ಹಾಗೂ ಮಹಾಭಾರತ ಸಾಲು ಸಾಲಾಗಿ ಕೆತ್ತಲ್ಪಟ್ಟಿವೆ. ಓದಲು ಬಾರದ ಮಗುವಿಗೂ ನಡೆದುಕೊಂಡು ಹೋಗುತ್ತಾ ಕಥೆ ಹೇಳಬಹುದು. ಕವಿ ಜನ್ನನು ರಚಿಸಿದ ಶಾಸನವೂ ಇಲ್ಲಿದೆ. ಅದು ಹಿರಿಯರ ಪಾಲಿಗೆ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ನೀರು ಇಳಿಯುವ ಈ ಕಾಲದಲ್ಲಿ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮರಿ ಮಾಡುತ್ತವೆ. ಅಜ್ಜಂಪುರದಲ್ಲಿ ಅಮೃತಮಹಲ್ ಜಾನುವಾರು ತಳಿ ಸಂವರ್ಧನಾ ಕೇಂದ್ರವಿದ್ದು, ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದ ತಳಿಯನ್ನು ಅಲ್ಲಿ ಸಂರಕ್ಷಿಸಲಾಗುತ್ತಿದೆ. ಭೇಟಿಗೆ ಮುಂಚಿತವಾಗಿ ಕೇಂದ್ರದ ಅನುಮತಿ ಪಡೆಯುವುದು ಲೇಸು. ಈ ಹಸುಗಳು ಅಪರಿಚಿತರನ್ನು ಸಹಿಸುವ ಸ್ವಭಾವದವಲ್ಲ. ಮಕ್ಕಳನ್ನು ಬೇಲಿಯ ಹೊರಗೇ ನಿಲ್ಲಿಸಬೇಕು. ಹೆಬ್ಬೆ ಜಲಪಾತಕ್ಕೆ ಕಾಡುದಾರಿಯಲ್ಲಿ ನಡೆಯಬೇಕಾಗಿರುವುದರಿಂದ, ಎತ್ತಿಕೊಂಡೇ ಹೋಗಬೇಕಾದ ಮಗುವಿದ್ದಲ್ಲಿ ಆ ಭೇಟಿಯನ್ನು ಕೆಲವು ವರ್ಷ ಮುಂದೂಡಬಹುದು.

ನೀರಿನ ಅಪಾಯ

ಪೋಷಕರು ವಿಶೇಷ ಎಚ್ಚರಿಕೆ ವಹಿಸಬೇಕಾದುದು ಊರಿನ ನೀರಿನ ತಾಣಗಳ ಬಗ್ಗೆ. ಈ ಭಾಗದಲ್ಲೇ ಬೆಳೆದ ತಂದೆ ತಾಯಂದಿರು ತಾವು ಚಿಕ್ಕಂದಿನಲ್ಲಿ ಕೆರೆಯಲ್ಲಿ ಆಡಿದ್ದನ್ನು ನೆನೆದು ಮಕ್ಕಳನ್ನು ನಿಶ್ಚಿಂತೆಯಿಂದ ಹೊರಗೆ ಬಿಡುವುದುಂಟು. ಆದರೆ ಊರಿನ ನೀರು ಈಗ ಮೊದಲಿನಂತಿಲ್ಲ. ಹಳೆಯ ಕೆರೆಯ ಅಂಗಳವು ಸಾಮಾನ್ಯವಾಗಿ ಮೆಲ್ಲಗೆ ಇಳಿಜಾರಾಗಿರುತ್ತದೆ. ಹೂಳೆತ್ತಿದ ಅಥವಾ ಮಣ್ಣು ತೆಗೆದ ಕಡೆಗಳಲ್ಲಿ ಒಮ್ಮೆಗೇ ಆಳವಾದ ಗುಂಡಿಗಳಿರುತ್ತವೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿ ಹೊಂಡಗಳನ್ನು ನಿರ್ಮಿಸಲಾಗಿದೆ. ರೈತರಿಗೆ ಇವು ಬಹೂಪಯೋಗಿ. ಆದರೆ ನೀರು ಇಂಗದಂತೆ ಒಳಬದಿಗೆ ಹಾಸುವ ಪ್ಲಾಸ್ಟಿಕ್ ಹೊದಿಕೆಯು ಒದ್ದೆಯಾದಾಗ ಅತಿಯಾಗಿ ಜಾರುತ್ತದೆ. ಬಿದ್ದವರಿಗೆ ಕಾಲೂರಲು, ಕೈ ಹಿಡಿಯಲು ಆಧಾರವಿರುವುದಿಲ್ಲ. ಈಜು ಬಲ್ಲವರೂ ಮೇಲೇರುವುದು ಕಷ್ಟ. ಭದ್ರಾ ನಾಲೆಗಳಲ್ಲಿ, ಹಾಗೂ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳಲ್ಲಿ ನೀರು ಹರಿಯುವಾಗ, ಇದೇ ಪರಿಸ್ಥಿತಿಯೊಂದಿಗೆ ಹರಿವಿನ ಸೆಳೆತವೂ ಸೇರುತ್ತದೆ.

ಊರಿಗೆ ತಲುಪಿದ ದಿನವೇ ಮನೆ ಮತ್ತು ತೋಟದ ಸುತ್ತಲಿನ ಹೊಂಡ, ತೆರೆದ ಬಾವಿ, ತೊಟ್ಟಿ, ಮುಚ್ಚದ ಕೊಳವೆ ಬಾವಿಗಳನ್ನು ಹಿರಿಯರೊಬ್ಬರು ನಡೆದು ನೋಡತಕ್ಕದ್ದು. ಬೇಲಿಯಿಲ್ಲದ ಹೊಂಡಕ್ಕೆ ಮುಳ್ಳುಕಂಟಿಯನ್ನಾದರೂ ಹಾಕಿಸಿ, ಗೂಟಕ್ಕೆ ಕಟ್ಟಿದ ಗಂಟುಹಗ್ಗವನ್ನು ಒಳಗೆ ಇಳಿಬಿಡುವುದು ಅಲ್ಪ ವೆಚ್ಚದ ಕೆಲಸ. ಹಬ್ಬ, ಮದುವೆಗಳ ಮನೆಯಲ್ಲಿ ಹತ್ತು ಮಂದಿ ಹಿರಿಯರಿದ್ದರೂ ಮಗು ಇನ್ನೊಬ್ಬರ ಬಳಿ ಇದೆಯೆಂದು ಪ್ರತಿಯೊಬ್ಬರೂ ಭಾವಿಸುವ ಸಂಭವವಿರುತ್ತದೆ. ಆದುದರಿಂದ ಯಾವ ಹೊತ್ತಿಗೆ ಯಾರು ನೋಡಿಕೊಳ್ಳುವರೆಂದು ಹೆಸರು ಹಿಡಿದು ಹೇಳಿಡಬೇಕು. ಮಗು ನೀರಿಗೆ ಬಿದ್ದಲ್ಲಿ ಈಜು ಬಾರದವರು ಧುಮುಕದೆ ಹಗ್ಗ, ಸೀರೆ ಅಥವಾ ಬಿದಿರಿನ ಗಳುವನ್ನು ಚಾಚಿ, ಜನರನ್ನು ಕೂಗಿ, 112 ಅಥವಾ 108ಕ್ಕೆ ಕರೆ ಮಾಡತಕ್ಕದ್ದು.

ಆರೋಗ್ಯ

ಆರು ತಿಂಗಳೊಳಗಿನ ಶಿಶುವಿಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೇ ಸಾಕು. ಬಿಸಿಲೆಂದು ನೀರು ಕುಡಿಸುವ ಅಗತ್ಯವಿಲ್ಲ. ಈ ವಿಷಯದಲ್ಲಿ ಅಜ್ಜಿಯರ ಅಕ್ಕರೆಗೆ ನಯವಾಗಿ ಉತ್ತರಿಸಬೇಕಾಗಬಹುದು. ತಾಯಿಗೆ ಮಾತ್ರ ಹೆಚ್ಚು ನೀರು ಬೇಕು. ದೊಡ್ಡ ಮಕ್ಕಳಿಗೆ ಕಾಯಿಸಿ ಆರಿಸಿದ ನೀರು, ಮಜ್ಜಿಗೆ, ರಾಗಿ ಅಂಬಲಿ ನೀಡಬಹುದು. ವಾಂತಿ ಭೇದಿಯಾದಲ್ಲಿ ದೊಡ್ಡ ಪೊಟ್ಟಣದ ಓ.ಆರ್.ಎಸ್. ಅನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ, 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಕಲಸುವುದು ಸರಿಯಲ್ಲ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಒಂಟಿಯಾಗಿ ಬಿಡತಕ್ಕದ್ದಲ್ಲ.

ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯು ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚಾಗಿ ಕಂಡುಬರುವುದರಿಂದ, ಕಾಡಿನ ಅಂಚಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿಸಿ, ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿಸಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡಲ್ಲಿ ಹತ್ತಿರ ಹೋಗದೆ ಆರೋಗ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು.

ರಜೆಯ ಅವಧಿಯಲ್ಲಿ ಲಸಿಕೆಯ ದಿನ ಬಂದಲ್ಲಿ ಊರಿಗೆ ಮರಳುವವರೆಗೆ ಕಾಯಬೇಕಾಗಿಲ್ಲ. ತಾಯಿ ಕಾರ್ಡ್ ತೋರಿಸಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು. ಲಸಿಕೆ ನೀಡುವ ದಿನವನ್ನು ಆಶಾ ಕಾರ್ಯಕರ್ತೆಯರಿಂದ ಮೊದಲೇ ತಿಳಿದುಕೊಳ್ಳಬಹುದಾಗಿದೆ.